ಹೊಳೆ ನೋಡುವ ಬಗೆ: ಬೆಂಗಳೂರಿನ ಸುತ್ತ ಹರಿವು, ಬಿಸಿಲು ಮತ್ತು ನೀರಿನ ಜೀವಿಗಳು

ಬೆಂಗಳೂರಿನ ವೃಷಭಾವತಿ ಹೊಳೆ ಕಡುಬೇಸಿಗೆಯಲ್ಲೂ ಬತ್ತುವುದಿಲ್ಲ. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ಮೇಲಿನ ಪಾತ್ರದಲ್ಲಿ ಮಳೆಗಾಲದಲ್ಲೂ ಎಷ್ಟೋ ವರ್ಷ ನೀರು ಕಾಣುವುದಿಲ್ಲ. ಹಾಗಂತ ವೃಷಭಾವತಿ ಬದುಕಿದೆ, ಅರ್ಕಾವತಿ ಸತ್ತಿದೆ ಎನ್ನಲಾಗದು. ವೃಷಭಾವತಿಯಲ್ಲಿ ಹರಿಯುವುದರಲ್ಲಿ ಹೆಚ್ಚಿನ ಪಾಲು ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ತಂದ ಕಾವೇರಿ ನೀರೇ. ನಮ್ಮ ಅಡುಗೆಮನೆ, ಬಚ್ಚಲು, ಕಾರ್ಖಾನೆಗಳನ್ನು ಹಾದು ಅದು ಕೊಳಚೆಯಾಗಿ ಕೆಂಗೇರಿ, ಬಿಡದಿ, ಬೈರಮಂಗಲದ ಮೇಲೆ ಹೋಗಿ ಅರ್ಕಾವತಿಗೆ ಸೇರುತ್ತದೆ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಹರಿವು ಇದ್ದ ಮಾತ್ರಕ್ಕೆ ಮೀನು ಬದುಕುವುದಿಲ್ಲ.

ಹೊಳೆಯೊಂದರಲ್ಲಿ ಯಾವ ಜೀವಿ ಇದೆ, ಯಾವುದು ಇಲ್ಲ, ಏಕೆ ಎಂದು ಸ್ವಂತ ಕಣ್ಣಿನಿಂದ ನೋಡಿ ಹೇಳುವ ಕ್ರಮ ಇಲ್ಲಿದೆ. ಕಾಲೇಜಿನ ಪರಿಸರ ಸಂಘ, ಕೆರೆ ಉಳಿಸುವ ಬಡಾವಣೆಯ ಗುಂಪು, ಮೇಷ್ಟ್ರುಗಳು ಯಾರು ಬೇಕಾದರೂ ಮಾಡಬಹುದು. ಒಂದು ಮಾತು ಮಾತ್ರ ಕೊನೆಯವರೆಗೂ ನೆನಪಿರಲಿ. ಮೀಟರು, ನೀರು ಪರೀಕ್ಷಿಸುವ ಕಿಟ್ಟು ಹೇಳುವುದು ಆ ಗಳಿಗೆಯ ಸಂಗತಿ. ಕಲ್ಲಿನಡಿಯ ಹುಳು ಹೇಳುವುದು ಹಿಂದಿನ ಹಲವು ವಾರಗಳ ಸಂಗತಿ. ರಾತ್ರಿ ಎರಡು ಗಂಟೆಗೆ ಕಾರ್ಖಾನೆ ಬಿಟ್ಟ ನೀರು ಬೆಳಿಗ್ಗೆಯ ಪರೀಕ್ಷೆಗೆ ಸಿಗದೇ ಹೋಗಬಹುದು, ಆದರೆ ಹುಳುಗಳಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ. ಆದ್ದರಿಂದ ಎರಡನ್ನೂ ಒಂದೇ ದಿನ, ಒಂದೇ ಜಾಗದಲ್ಲಿ ನೋಡಬೇಕು.

ಜಾಗ ಮತ್ತು ಕಾಲ

ಒಂದು ಹೊಳೆಗೆ ಕನಿಷ್ಠ ಮೂರು ಜಾಗ ಗೊತ್ತುಮಾಡಿಕೊಳ್ಳಿ: ಚರಂಡಿ ಅಥವಾ ರಾಜಕಾಲುವೆ ಸೇರುವುದಕ್ಕಿಂತ ಮೇಲೆ, ಸೇರಿದ ಕೂಡಲೆ, ಮತ್ತು ಅಲ್ಲಿಂದ ಸುಮಾರು ಅರ್ಧ ಕಿಲೋಮೀಟರ್ ಕೆಳಗೆ. ಮೂರೂ ಕಡೆ ತಳ ಒಂದೇ ಥರ ಇರಬೇಕು. ಒಂದು ಕಡೆ ಕಲ್ಲಿನ ಮೇಲೆ ಝುಳುಝುಳು ಹರಿಯುವ ಜಾಗ, ಇನ್ನೊಂದು ಕಡೆ ಕೆಸರಿನ ಮಡು ಆರಿಸಿಕೊಂಡರೆ ಹೋಲಿಕೆಯೇ ಕೆಡುತ್ತದೆ. ಮಡುವಿನಲ್ಲಿ ಸಿಗುವ ಹುಳುಗಳೇ ಬೇರೆ, ಕಲ್ಲಿನಲ್ಲಿ ಸಿಗುವವೇ ಬೇರೆ. ಅದಕ್ಕೂ ಕೊಳಚೆಗೂ ಸಂಬಂಧವಿಲ್ಲ.

ವರ್ಷಕ್ಕೆ ಮೂರು ಸಲ ಸಾಕು. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಒಮ್ಮೆ, ನೀರು ತಿಳಿಯಾಗಿ ಇಳಿದಿರುತ್ತದೆ. ಏಪ್ರಿಲ್‌ನಲ್ಲಿ ಇನ್ನೊಮ್ಮೆ, ಮುಂಗಾರಿಗೆ ಮುಂಚಿನ ಗುಡುಗು ಮಳೆ ಜೋರಾಗುವ ಮೊದಲು. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ ಮೂರನೇ ಸಲ. ಬೆಂಗಳೂರಿಗೆ ವರ್ಷಕ್ಕೆ ಬೀಳುವ ಹೆಚ್ಚುಕಡಿಮೆ 970 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಸುರಿಯುತ್ತದೆ. ಆ ದಿನಗಳಲ್ಲಿ ನೋಡಿದರೆ ಕಾಣುವುದು ನೆರೆಯ ಕೆಲಸವೇ ಹೊರತು ನೀರಿನ ಗುಣವಲ್ಲ. ದೊಡ್ಡ ನೆರೆ ಬಂದು ತಳದ ಕಲ್ಲುಗಳೇ ಉರುಳಿದ ಮೇಲೆ ಹುಳುಗಳು ಮತ್ತೆ ನೆಲೆಯೂರಲು ಮೂರರಿಂದ ಆರು ವಾರ ಬೇಕು. ಮಳೆ ನಿಂತ ಮರುದಿನವೇ ಹೋಗಿ "ಇಲ್ಲೇನೂ ಇಲ್ಲ" ಎಂದು ಬರೆದುಕೊಂಡು ಬರುವುದು ಹೊಸಬರು ಎಲ್ಲಕ್ಕಿಂತ ಹೆಚ್ಚಾಗಿ ಮಾಡುವ ತಪ್ಪು.

ಕೊಳಚೆ ಸೇರಿದ ಹೊಳೆಗೆ ಬರಿಗಾಲಲ್ಲಿ ಇಳಿಯಲೇಬೇಡಿ. ಗಂಬೂಟು, ಮೊಣಕೈವರೆಗಿನ ರಬ್ಬರ್ ಕೈಗವಸು ಬೇಕು. ಕಾಲಿನಲ್ಲಿ ಗಾಯವಿದ್ದರೆ ದಡದಲ್ಲೇ ನಿಂತು ಬರೆದುಕೊಳ್ಳುವ ಕೆಲಸ ಮಾಡಿ, ಇಲಿಜ್ವರ ಇಂಥ ನೀರಿನಿಂದ ಬರುತ್ತದೆ. ಸಂಗಮ, ಮೇಕೆದಾಟು, ಮುತ್ತತ್ತಿ ಕಡೆ ಹೋದರೆ ಭಯ ಬೇರೆ: ಸುಳಿ, ಮೊಸಳೆ, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಏಕಾಏಕಿ ಏರುವ ಮಟ್ಟ. ಮೊಣಕಾಲು ಮೀರಿ ಇಳಿಯಬೇಡಿ, ಒಬ್ಬರೇ ಹೋಗಬೇಡಿ. ಅಲ್ಲಿನ ಬಹುಭಾಗ ಕಾವೇರಿ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಹುಳುವನ್ನೂ ಹಿಡಿಯುವಂತಿಲ್ಲ.

ಹರಿವು ಅಳೆಯುವುದು

ಹತ್ತು ಮೀಟರ್ ನೇರವಾಗಿರುವ ಪಾತ್ರ ಹುಡುಕಿ, ಎರಡೂ ತುದಿಗೆ ಹಗ್ಗ ಕಟ್ಟಿ. ನಿಂಬೆಹಣ್ಣೊಂದನ್ನು ಮೇಲಿನ ಹಗ್ಗಕ್ಕಿಂತ ಒಂದೆರಡು ಮೀಟರ್ ಹಿಂದೆಯೇ ಬಿಟ್ಟು, ಹಗ್ಗದಿಂದ ಹಗ್ಗಕ್ಕೆ ಎಷ್ಟು ಸೆಕೆಂಡು ಹಿಡಿಯಿತು ನೋಡಿ. ನಿಂಬೆ ಅರ್ಧಕ್ಕಿಂತ ಹೆಚ್ಚು ಮುಳುಗಿಯೇ ತೇಲುವುದರಿಂದ ಗಾಳಿ ಅದನ್ನು ತಳ್ಳುವುದಿಲ್ಲ. ಥರ್ಮಾಕೋಲ್ ತುಂಡು ಬಿಟ್ಟರೆ ಗಾಳಿಯ ವೇಗ ಅಳೆದಂತಾಗುತ್ತದೆ. ಐದು ಸಲ ಬಿಟ್ಟು ಸರಾಸರಿ ತೆಗೆಯಿರಿ. ಮೇಲ್ಮೈ ನೀರು ತಳದ ನೀರಿಗಿಂತ ವೇಗವಾಗಿ ಹೋಗುವುದರಿಂದ ಬಂದ ವೇಗವನ್ನು 0.85ರಿಂದ ಗುಣಿಸಬೇಕು.

ಹತ್ತು ಮೀಟರಿಗೆ 25 ಸೆಕೆಂಡು ಎಂದರೆ ಸೆಕೆಂಡಿಗೆ 0.4 ಮೀಟರ್, 0.85ರಿಂದ ಗುಣಿಸಿದರೆ 0.34. ಹೊಳೆಯ ಅಗಲ 6 ಮೀಟರ್, ಐದಾರು ಕಡೆ ಕೋಲು ಊರಿ ನೋಡಿದ ಸರಾಸರಿ ಆಳ 0.3 ಮೀಟರ್ ಇದ್ದರೆ ಹರಿವು 6 × 0.3 × 0.34, ಅಂದರೆ ಸೆಕೆಂಡಿಗೆ ಸುಮಾರು 610 ಲೀಟರ್. ಈ ಅಂಕಿ ಏಕೆ ಬೇಕೆಂದರೆ, ಸೇರುವ ಕೊಳಚೆ ಅಷ್ಟೇ ಇದ್ದರೂ ಹರಿವು ಅರ್ಧಕ್ಕೆ ಇಳಿದಾಗ ಹೊಳೆಯ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಏಪ್ರಿಲ್‌ನಲ್ಲಿ ಮೀನು ಸಾಯುವುದಕ್ಕೆ ಬಿಸಿಲಿನಷ್ಟೇ ಈ ಲೆಕ್ಕವೂ ಕಾರಣ.

ಅರ್ಕಾವತಿ ಬತ್ತಿದ್ದಕ್ಕೆ ಎಲ್ಲರೂ ಮೊದಲು ಮಳೆಯನ್ನೇ ದೂರುತ್ತಾರೆ. ಮಳೆ ಅಷ್ಟೇನೂ ಕುಗ್ಗಿಲ್ಲ. ಜಲಾನಯನದ ಉದ್ದಕ್ಕೂ ಕೊಳವೆಬಾವಿಗಳು ಅಂತರ್ಜಲವನ್ನು ಆಳಕ್ಕೆ ಇಳಿಸಿದವು, ನೀಲಗಿರಿ ತೋಪುಗಳು ಉಳಿದದ್ದನ್ನು ಹೀರಿದವು. ಒರತೆಯಿಂದ ಹೊಳೆಗೆ ಬರುತ್ತಿದ್ದ ನೀರು ನಿಂತುಹೋಯಿತು. ಹವಾಮಾನದ ಮೇಲೆ ತಪ್ಪು ಹೊರಿಸುವ ಮುನ್ನ ನೆಲದಡಿ ಏನಾಗಿದೆ ಎಂದು ಸುತ್ತಲಿನ ರೈತರನ್ನು ಕೇಳಿ. ಬಾವಿಯಲ್ಲಿ ನೀರು ಯಾವ ವರ್ಷದವರೆಗೆ ಕೈಗೆಟುಕುತ್ತಿತ್ತು ಎಂಬುದು ಅವರಿಗೆ ಸರಿಯಾಗಿ ಗೊತ್ತಿರುತ್ತದೆ. ಅದನ್ನೂ ಬರೆದುಕೊಳ್ಳಿ.

ಬಿಸಿ ಮತ್ತು ಉಸಿರು

ನೀರಿನ ಉಷ್ಣತೆಯನ್ನು ನೆರಳಿನಲ್ಲಿ, ಹರಿವ ಜಾಗದಲ್ಲಿ, ಮೇಲ್ಮೈಯಿಂದ ಒಂದು ಗೇಣು ಕೆಳಗೆ ಅಳೆಯಿರಿ. ಥರ್ಮಾಮೀಟರನ್ನು ಎರಡು ನಿಮಿಷ ಒಳಗೇ ಹಿಡಿದು, ಮೇಲಕ್ಕೆತ್ತದೆ ಓದಿ. ಬೆಳಿಗ್ಗೆ ಆರಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ. ಈ ಎರಡರ ನಡುವಿನ ಅಂತರವೇ ಬಹಳ ಹೇಳುತ್ತದೆ. ದಡದಲ್ಲಿ ಹೊಂಗೆ, ನೇರಳೆ, ಹೊಳೆಮತ್ತಿ ನಿಂತಿರುವ ಕಡೆ ಅಂತರ ಕಡಿಮೆ. ಎರಡೂ ಬದಿ ಕಾಂಕ್ರೀಟ್ ಗೋಡೆ ಎದ್ದು ನೀರು ಬಟ್ಟಬಯಲಾಗಿರುವ ಕಡೆ ಹೆಚ್ಚು.

ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಸಮುದ್ರಮಟ್ಟದಲ್ಲಿ ಶುದ್ಧ ನೀರು 20 ಡಿಗ್ರಿಯಲ್ಲಿ ಲೀಟರಿಗೆ 9.1 ಮಿಲಿಗ್ರಾಂ ಹಿಡಿಯುತ್ತದೆ, 25ರಲ್ಲಿ 8.3, 30ರಲ್ಲಿ 7.6. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ನಮ್ಮ ಲೆಕ್ಕ ಸುಮಾರು 8.2, 7.4, 6.8. ಕಿಟ್ಟಿನ ಜೊತೆ ಬರುವ ಪಟ್ಟಿ ಸಮುದ್ರಮಟ್ಟದ್ದಾಗಿರುತ್ತದೆ. ಅದನ್ನೇ ಹಿಡಿದರೆ ಚೆನ್ನಾಗಿರುವ ಹೊಳೆಯೂ ಕೆಟ್ಟದ್ದಾಗಿ ಕಾಣುತ್ತದೆ. ಇತ್ತ ಮೀನು, ಹುಳುಗಳ ಮೈ ಬಿಸಿ ನೀರಿನಲ್ಲಿ ಹೆಚ್ಚು ಉಸಿರು ಕೇಳುತ್ತದೆ, ಉಷ್ಣತೆ ಹತ್ತು ಡಿಗ್ರಿ ಏರಿದರೆ ಬೇಡಿಕೆ ಸುಮಾರು ಎರಡರಷ್ಟು. ಬೇಕಾದದ್ದು ಹೆಚ್ಚುತ್ತದೆ, ಸಿಗುವುದು ಕುಗ್ಗುತ್ತದೆ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣತೆ 39.2 ಡಿಗ್ರಿ ಮುಟ್ಟಿತ್ತು. ಅದಕ್ಕೂ ಮೊದಲು, ಮಾರ್ಚ್‌ನಲ್ಲೇ, ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ದಡಕ್ಕೆ ಬಂದಿದ್ದವು.

ಆಮ್ಲಜನಕ ಅಳೆಯಲು ದುಬಾರಿ ಮೀಟರಿಗಿಂತ ಹನಿ ಹಾಕುವ ವಿಂಕ್ಲರ್ ಕಿಟ್ಟೇ ನಂಬಿಕೆಗೆ ಯೋಗ್ಯ. ಕೊಂಡುಕೊಳ್ಳುವಾಗ ಅಜೈಡ್ ಎಂಬ ರಾಸಾಯನಿಕ ಸೇರಿದ ಕಿಟ್ಟನ್ನೇ ಕೇಳಿ. ಕೊಳಚೆ ನೀರಿನಲ್ಲಿರುವ ನೈಟ್ರೈಟ್ ಎಂಬ ಸಾರಜನಕದ ಲವಣ ಸಾದಾ ಕಿಟ್ಟಿನಲ್ಲಿ ಸುಳ್ಳು ಹೆಚ್ಚಳ ತೋರಿಸುತ್ತದೆ. ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಹಿಡಿದು, ಗುಳುಗುಳು ಎನ್ನದಂತೆ ತುಂಬಿಸಿ, ನೀರಿನೊಳಗೇ ಮುಚ್ಚಳ ಹಾಕಿ. ಒಂದು ಗುಳ್ಳೆ ಉಳಿದರೂ ಚೆಲ್ಲಿ ಮತ್ತೆ ತುಂಬಿಸಿ. ಮೊದಲ ಎರಡು ದ್ರಾವಣಗಳನ್ನು ಅಲ್ಲೇ ಹಾಕಬೇಕು, ಮನೆಗೆ ತಂದು ಹಾಕುವ ಹಾಗಿಲ್ಲ. ದಾರಿಯಲ್ಲೇ ಬ್ಯಾಕ್ಟೀರಿಯಾ ಆಮ್ಲಜನಕ ಮುಗಿಸಿಬಿಡುತ್ತವೆ. ಹಾಕಿದ ಕೂಡಲೆ ಕಂದು ಗಸಿ ಎದ್ದರೆ ಆಮ್ಲಜನಕ ಇದೆ ಎಂದರ್ಥ, ಬಿಳಿ ಗಸಿ ಬಂದರೆ ಇಲ್ಲವೇ ಇಲ್ಲ. ವೃಷಭಾವತಿಯಂಥ ಕಡೆ ಬಿಳಿ ಬಂದರೆ ಕಿಟ್ಟು ಕೆಟ್ಟಿದೆ ಎಂದುಕೊಳ್ಳಬೇಡಿ. ಅಜೈಡ್ ವಿಷ, ಪರೀಕ್ಷೆ ಮುಗಿದ ನೀರನ್ನು ಹೊಳೆಗೆ ಚೆಲ್ಲದೆ ಬೇರೆ ಕ್ಯಾನಿಗೆ ತುಂಬಿಕೊಂಡು ಕಾಲೇಜಿನ ಪ್ರಯೋಗಾಲಯಕ್ಕೆ ಕೊಡಿ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ಮೀನು ಮತ್ತು ವನ್ಯಜೀವಿಗಳಿಗೆ ತಕ್ಕ ನೀರು 'ಡಿ' ವರ್ಗದ್ದು: ಆಮ್ಲಜನಕ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ, ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬುದರ ಅಳತೆ) 6.5ರಿಂದ 8.5ರೊಳಗೆ. ಈ 4 ಎಂಬುದನ್ನು ಬೆಳಗಿನ ಅಂಕಿಗೆ ಹಚ್ಚಿ ನೋಡಬೇಕು. ಮಧ್ಯಾಹ್ನ ಮೂರಕ್ಕೆ ಹಸಿರುಗಟ್ಟಿದ ನೀರಿನಲ್ಲಿ 12 ಮಿಲಿಗ್ರಾಂ ಬಂದರೆ ಸಂತೋಷಪಡುವಂಥದ್ದೇನೂ ಇಲ್ಲ. ಅದು ಪಾಚಿ ಬಿಸಿಲಿನಲ್ಲಿ ಬಿಟ್ಟ ಉಸಿರು. ಅದೇ ಪಾಚಿ ರಾತ್ರಿಯಿಡೀ ಆಮ್ಲಜನಕ ಎಳೆದುಕೊಂಡು ನಸುಕಿನ ಹೊತ್ತಿಗೆ ನೀರನ್ನು ಬರಿದು ಮಾಡುತ್ತದೆ. ಮೂರು ದಿನ ಮೋಡ ಕವಿದರೆ ಹಗಲಿನ ಗಳಿಕೆಯೂ ಇಲ್ಲ. ಆಗ ಕತ್ಲಾ, ರೋಹು ಬೆಳಿಗ್ಗೆ ಮೇಲೆ ಬಂದು ಬಾಯಿ ಬಡಿಯುತ್ತವೆ.

ಅಮೋನಿಯಾದ ವಿಷಯದಲ್ಲಿ ಬಿಸಿಲು, ಪಾಚಿ ಎರಡೂ ಕೈಜೋಡಿಸುತ್ತವೆ, ಇದು ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಕಿಟ್ಟು ತೋರಿಸುವುದು ಒಟ್ಟು ಅಮೋನಿಯಾ. ಅದರಲ್ಲಿ ಮೀನಿಗೆ ವಿಷವಾಗುವುದು ಮುಕ್ತ ಅಮೋನಿಯಾ ಮಾತ್ರ. 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದರೆ ಮುಕ್ತ ಪಾಲು ನೂರಕ್ಕೆ ಒಂದೂ ಇರುವುದಿಲ್ಲ. ಪಿಎಚ್ 8ಕ್ಕೆ ಏರಿದರೆ ನೂರಕ್ಕೆ ಐದು, 9ಕ್ಕೆ ಏರಿದರೆ ನೂರಕ್ಕೆ ಮೂವತ್ತೈದರ ಆಸುಪಾಸು. ಪಾಚಿ ತುಂಬಿದ ನೀರಿನಲ್ಲಿ ಮಧ್ಯಾಹ್ನ ಪಿಎಚ್ 9 ದಾಟುವುದು ಅಪರೂಪವಲ್ಲ. ಒಟ್ಟು ಅಮೋನಿಯಾ ಬೆಳಿಗ್ಗೆಯಿಂದ ಒಂದಿಷ್ಟೂ ಬದಲಾಗದೆ ಮಧ್ಯಾಹ್ನ ಮೀನು ಸಾಯಬಹುದು. ಆದ್ದರಿಂದ ಅಮೋನಿಯಾ, ಪಿಎಚ್, ಉಷ್ಣತೆ ಮೂರನ್ನೂ ಒಂದೇ ಗಳಿಗೆಯಲ್ಲಿ ಬರೆದುಕೊಳ್ಳದಿದ್ದರೆ ಅಂಕಿಗೆ ಅರ್ಥವಿಲ್ಲ. ಅಕ್ವೇರಿಯಂ ಅಂಗಡಿಯ ಕಿಟ್ಟು ಇದಕ್ಕೆ ಸಾಕು.

ಮನೆಯ ಆರ್‌ಒ ಯಂತ್ರದ ಜೊತೆ ಬಂದ, ಕರಗಿದ ಲವಣ ಅಳೆಯುವ ಟಿಡಿಎಸ್ ಪೆನ್ನನ್ನೂ ಒಯ್ಯಿರಿ, ಆದರೆ ಒಂಟಿ ಅಂಕಿಯಿಂದ ತೀರ್ಮಾನ ಬೇಡ. ನಮ್ಮ ಬೋರ್‌ವೆಲ್ ನೀರೇ ಸಾಕಷ್ಟು ಲವಣದ್ದು. ಮೇಲಿನ ಜಾಗಕ್ಕೂ ಕೆಳಗಿನ ಜಾಗಕ್ಕೂ ಇರುವ ವ್ಯತ್ಯಾಸವಷ್ಟೇ ಕೆಲಸಕ್ಕೆ ಬರುವುದು.

ಕಲ್ಲಿನಡಿ

ಅರ್ಧ ಮಿಲಿಮೀಟರ್ ಕಣ್ಣಿನ ಬಲೆ ಬೇಕು. ಸೊಳ್ಳೆಪರದೆಯ ಕಣ್ಣು ದೊಡ್ಡದು, ಸಣ್ಣ ಮರಿಗಳು ನುಸುಳಿ ಹೋಗುತ್ತವೆ. ಹಿಟ್ಟು ಸೋಸುವ ಜರಡಿಯಾದರೆ ಪರವಾಗಿಲ್ಲ. ಬಲೆಯ ಬಾಯನ್ನು ಹರಿವಿಗೆ ಎದುರಾಗಿ ತಳಕ್ಕೆ ಒತ್ತಿ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಮೂರು ನಿಮಿಷ ಕಾಲಿನಿಂದ ಕೆದಕಿ. ಎದ್ದದ್ದೆಲ್ಲ ಹರಿವಿನ ಜೊತೆ ಬಲೆಗೆ ಬರುತ್ತದೆ. ಆಮೇಲೆ ಮುಷ್ಟಿ ಗಾತ್ರದ ಹತ್ತು ಕಲ್ಲು ಎತ್ತಿ, ಬೆರಳಲ್ಲಿ ಉಜ್ಜಿ ಬಲೆಗೆ ತೊಳೆಯಿರಿ. ಎಲ್ಲವನ್ನೂ ಎರಡು ಬೆರಳು ನೀರಿರುವ ಬಿಳಿ ಟ್ರೇಗೆ ಸುರಿದು ಐದು ನಿಮಿಷ ಅಲುಗಾಡಿಸದೆ ಬಿಡಿ. ಹುಳುಗಳು ತಾವಾಗಿ ಓಡಾಡತೊಡಗುತ್ತವೆ. ಆತುರಪಟ್ಟು ಕಡ್ಡಿಯಿಂದ ಕೆದಕಿದರೆ ಅವು ಕಸದ ಬಣ್ಣದಲ್ಲೇ ಅಡಗಿ ಕೂರುತ್ತವೆ. ಟ್ರೇ ಬಿಸಿಲಿಗೆ ಇಟ್ಟರೆ ಹತ್ತು ನಿಮಿಷದಲ್ಲಿ ಮೊದಲು ಸಾಯುವುವು ನೀವು ಹುಡುಕುತ್ತಿರುವ ಸೂಕ್ಷ್ಮ ಜೀವಿಗಳೇ.

ಬಾಲದಲ್ಲಿ ಮೂರು ಎಳೆ, ಹೊಟ್ಟೆಯ ಎರಡೂ ಬದಿಗೆ ಕಿವಿರು ಇದ್ದರೆ ಅದು ಮೇಫ್ಲೈ ಎಂಬ ಹಾರುವ ಕೀಟದ ಮರಿ. ಕೆಲವಕ್ಕೆ ಎರಡೇ ಎಳೆ ಇರುತ್ತದೆ, ಆಗ ಕಾಲಿನ ತುದಿ ನೋಡಿ: ಒಂದು ಉಗುರಿದ್ದರೆ ಮೇಫ್ಲೈ, ಎರಡಿದ್ದರೆ ಸ್ಟೋನ್‌ಫ್ಲೈ ಎಂಬ ಇನ್ನೊಂದು ಕೀಟ. ಬಾಲದಲ್ಲಿರುವ ಮೂರು ತುದಿ ದಾರದಂತಿರದೆ ಎಲೆಯಂತೆ ಚಪ್ಪಟೆಯಾಗಿದ್ದರೆ ಅದು ಏರೋಪ್ಲೇನ್ ಚಿಟ್ಟೆಯ ಹತ್ತಿರದ ನೆಂಟ ಡ್ಯಾಮ್ಸೆಲ್‌ಫ್ಲೈನ ಮರಿ. ಮೇಫ್ಲೈ, ಡ್ಯಾಮ್ಸೆಲ್‌ಫ್ಲೈ ಮರಿಗಳನ್ನು ಅದಲುಬದಲು ಮಾಡಿದರೆ ಇಡೀ ಲೆಕ್ಕ ತಪ್ಪುತ್ತದೆ. ಮರಳು, ಎಲೆಚೂರು ಅಂಟಿಸಿಕೊಂಡ ಕೊಳವೆಯೊಳಗೆ ಇರುವುದು ಕ್ಯಾಡಿಸ್ ಹುಳು. ಕೆಲವು ಜಾತಿಯವು ಕೊಳವೆ ಕಟ್ಟದೆ ಕಲ್ಲುಗಳ ನಡುವೆ ಸಣ್ಣ ಬಲೆ ನೇಯ್ದುಕೊಳ್ಳುತ್ತವೆ. ಕಲ್ಲಿಗೆ ನಾಣ್ಯದಂತೆ ಅಂಟಿರುವ ಚಪ್ಪಟೆ ಜೀವಿ ಒಂದು ಬಗೆಯ ದುಂಬಿಯ ಮರಿ. ಇವೆಲ್ಲ ಕರಗಿದ ಆಮ್ಲಜನಕವನ್ನೇ ನಂಬಿ ಬದುಕುವಂಥವು.

ಇನ್ನೊಂದು ತುದಿಯಲ್ಲಿ ರಕ್ತದ ಬಣ್ಣದ ಕೈರೊನೊಮಿಡ್ ಹುಳು. ಅದರ ಮೈಯಲ್ಲಿ ಹಿಮೊಗ್ಲೋಬಿನ್ ಇರುವುದರಿಂದ ಚೂರುಪಾರು ಆಮ್ಲಜನಕವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕೆಸರಿನಲ್ಲಿ ತಲೆ ಹುಗಿದು ಬಾಲ ಬೀಸುವ ಟ್ಯೂಬಿಫೆಕ್ಸ್ ಎರೆ, ಉದ್ದ ಕೊಳವೆಯನ್ನು ಮೇಲಕ್ಕೆ ಚಾಚಿ ಗಾಳಿಯನ್ನೇ ಉಸಿರಾಡುವ ಬಾಲದ ಹುಳು. ಇವಷ್ಟೇ ಸಿಕ್ಕಿ ಬೇರೇನೂ ಸಿಗದಿದ್ದರೆ ನೀರು ವಾರಗಟ್ಟಲೆ ಉಸಿರುಗಟ್ಟಿದೆ ಎಂದು ನಿಸ್ಸಂದೇಹವಾಗಿ ಬರೆಯಿರಿ, ಆ ದಿನ ಕಿಟ್ಟು ಆಮ್ಲಜನಕ 5 ಮಿಲಿಗ್ರಾಂ ತೋರಿಸಿದ್ದರೂ ಸರಿಯೇ. ಏರೋಪ್ಲೇನ್ ಚಿಟ್ಟೆಯ ಮರಿ, ಸಿಗಡಿ, ಏಡಿ, ಬಸವನಹುಳು, ಜಿಗಣೆ ನಡುವಿನವು.

ಇಲ್ಲಿ ಎರಡು ಎಚ್ಚರಿಕೆ. ಎಲ್ಲ ಮೇಫ್ಲೈಗಳೂ ಸೂಕ್ಷ್ಮವಲ್ಲ. ಬೇಟಿಡೆ, ಕೇನಿಡೆ ಕುಟುಂಬದ ಸಣ್ಣವು ಸಾಕಷ್ಟು ಕೊಳೆಯನ್ನೂ ತಾಳುತ್ತವೆ. ನೂರು ಸಿಕ್ಕಿ ನೂರೂ ಒಂದೇ ಜಾತಿಯಾಗಿದ್ದರೆ ಹೊಳೆ ಚೆನ್ನಾಗಿದೆ ಎನ್ನಬೇಡಿ, ಎಣಿಸಬೇಕಾದ್ದು ತಲೆಯನ್ನಲ್ಲ, ಬಗೆಯನ್ನು. ಎರಡನೆಯದು, ಅಂತರ್ಜಾಲದಲ್ಲಿ ಸಿಗುವ ಅಂಕ ಕೊಡುವ ಪಟ್ಟಿಗಳು ಹೆಚ್ಚಾಗಿ ಇಂಗ್ಲೆಂಡಿನ ತಂಪು ಹೊಳೆಗಳಿಗೆ ಮಾಡಿದವು. ಅವುಗಳಲ್ಲಿ ಸ್ಟೋನ್‌ಫ್ಲೈಗೆ ಎಲ್ಲಕ್ಕಿಂತ ಹೆಚ್ಚು ಅಂಕ. ನಮ್ಮ ಬಯಲುಸೀಮೆಯ ಬೆಚ್ಚನೆಯ, ವರ್ಷಕ್ಕೆ ಕೆಲವೇ ತಿಂಗಳು ಹರಿಯುವ ಹಳ್ಳದಲ್ಲಿ ನೀರು ಎಷ್ಟೇ ತಿಳಿಯಾಗಿದ್ದರೂ ಅವು ಅಪರೂಪ. ಬನ್ನೇರುಘಟ್ಟದ ಸುವರ್ಣಮುಖಿಯಂಥ ಹಳ್ಳವನ್ನು ಅದೇ ಋತುವಿನಲ್ಲಿ ನೀರು ಹರಿಯುವ, ಕೊಳಚೆ ಸೇರದ ಇನ್ನೊಂದು ಬಯಲುಸೀಮೆ ಹಳ್ಳದ ಜೊತೆ ಹೋಲಿಸಿ. ಕೊಡಗಿನ ತೊರೆಯ ಜೊತೆ ಹೋಲಿಸಿದರೆ ಅನ್ಯಾಯವಾಗುತ್ತದೆ.

ಕಲ್ಲು ಎತ್ತುವಾಗಲೇ ಇನ್ನೊಂದನ್ನೂ ನೋಡಿ: ಅದರ ಎಷ್ಟು ಭಾಗ ಹೂಳಿನಲ್ಲಿ ಹೂತಿತ್ತು? ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಸಂದುಗಳಲ್ಲಿ ಜೀವಕ್ಕೆ ಜಾಗವಿದೆ, ಅರ್ಧಕ್ಕಿಂತ ಹೆಚ್ಚಿದ್ದರೆ ಇಲ್ಲ. ಕಟ್ಟಡದ ಮಣ್ಣು ಮಳೆಯಲ್ಲಿ ಕೊಚ್ಚಿ ಬಂದು ಸಂದುಗಳನ್ನು ತುಂಬಿದರೆ ನೀರು ಎಷ್ಟು ಶುದ್ಧವಾಗಿದ್ದರೂ ಹುಳುಗಳಿಗೆ ಮನೆಯಿಲ್ಲ. ನಗರದ ಕಾಂಕ್ರೀಟ್ ರಾಜಕಾಲುವೆಗಳು ಗಂಟೆಯ ಮಳೆಯನ್ನು ನಿಮಿಷಗಳಲ್ಲಿ ಹೊಳೆಗೆ ನೂಕುವುದರಿಂದ ತಳ ಕೆರೆದುಹೋಗುತ್ತದೆ, ಮಳೆ ನಿಂತ ಮೇಲೆ ಹೂಳು ಕೂರುತ್ತದೆ. ವರ್ಷಕ್ಕೆ ಹತ್ತಾರು ಸಲ ಹೀಗಾದರೆ ನೆಲೆಯೂರುವ ಜೀವಿಗಳೇ ಬದಲಾಗುತ್ತವೆ.

ಬತ್ತುವ ಹೊಳೆಯ ಜೀವಿಗಳು

ಬತ್ತಿದ ಹಳ್ಳವೆಲ್ಲ ಸತ್ತ ಹಳ್ಳವಲ್ಲ. ಏಡಿಗಳು ದಡದ ಬಿಲಕ್ಕೆ ಇಳಿದಿರುತ್ತವೆ, ಕೆಲವು ಬಸವನಹುಳುಗಳು ಚಿಪ್ಪಿನ ಬಾಯಿ ಮುಚ್ಚಿಕೊಂಡು ಕೆಸರಿನಲ್ಲಿ ಕಾಯುತ್ತವೆ. ಕೊರಮೀನಿಗೆ ಗಾಳಿಯನ್ನೇ ಉಸಿರಾಡುವ ಅಂಗವಿರುವುದರಿಂದ ತೇವದ ಕೆಸರಿನಲ್ಲೂ ದಿನ ದೂಡುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೈದಾನಗಳ ಮೇಲೆ ಹಿಂಡುಹಿಂಡಾಗಿ ಹಾರುವ ಹಳದಿ ಏರೋಪ್ಲೇನ್ ಚಿಟ್ಟೆ, ಪ್ಯಾಂಟಾಲ, ಮಳೆಯ ಜೊತೆ ಬಂದು ಹೊಸ ಗುಂಡಿಗಳಲ್ಲಿ ಮೊಟ್ಟೆಯಿಟ್ಟು, ನೀರು ಆರುವ ಮೊದಲೇ ಒಂದೂವರೆ ಎರಡು ತಿಂಗಳಲ್ಲಿ ಮರಿಯನ್ನು ರೆಕ್ಕೆಗೆ ತರುತ್ತದೆ. ಇವಕ್ಕೆ ಬೇಕಾದ್ದು ಬೇಸಿಗೆಯಲ್ಲೂ ಪೂರ್ತಿ ಬತ್ತದ ಒಂದೆರಡು ಮಡು, ತೇವ ಉಳಿಸುವ ದಡದ ಮರ. ಮರಳು ತೆಗೆದು, ಜೆಸಿಬಿ ತಂದು ಪಾತ್ರವನ್ನು ಸಪಾಟು ಮಾಡಿ "ಹೊಳೆ ಸ್ವಚ್ಛ ಮಾಡಿದೆವು" ಎನ್ನುವುದು ಈ ಆಸರೆಗಳನ್ನೇ ಕಿತ್ತುಹಾಕುತ್ತದೆ. ಮಡುಗಳನ್ನು ಏಪ್ರಿಲ್ ಭೇಟಿಯಲ್ಲಿ ಎಣಿಸಿ, ಆಳ ಬರೆದು, ನಕ್ಷೆಯಲ್ಲಿ ಗುರುತಿಸಿ.

ಕಾವೇರಿಯ ಗೆಂಡೆ, ಬಿಳಿಮೀನುಗಳಿಗೆ ಮಳೆಯ ಹೊಸ ನೀರೇ ಸಂತಾನದ ಸೂಚನೆ. ನೀರು ತಂಪಾಗಿ, ಕೆಂಪಾಗಿ, ಏರಿ ಬಂದಾಗ ಅವು ಮೇಲಕ್ಕೆ ಹತ್ತುತ್ತವೆ. ಕಾವೇರಿಯದೇ ಆದ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ತೀವ್ರ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹರಿವಿನ ಕಾಲಮಾನ ಅಣೆಕಟ್ಟೆಯ ಗೇಟಿನ ಕೈಗೆ ಹೋದಾಗ ಈ ಸೂಚನೆಯೇ ತಪ್ಪಿಹೋಗುತ್ತದೆ. ಇನ್ನೊಂದೆಡೆ ಜಿಲೇಬಿ ಮೀನು, ಆಫ್ರಿಕನ್ ಕ್ಯಾಟ್‌ಫಿಶ್ ಬಿಸಿಗೂ ಕೊಳೆಗೂ ಜಗ್ಗುವುದಿಲ್ಲ. ಅವು ತುಂಬಿರುವುದನ್ನು ಕಂಡು "ಮೀನು ಬಂದಿದೆ, ನೀರು ಸುಧಾರಿಸಿದೆ" ಎನ್ನಬೇಡಿ. ಅಕ್ವೇರಿಯಂನ ಸಕ್ಕರ್ ಮೀನನ್ನು ದಯೆಯಿಂದಲೂ ಹೊಳೆಗೆ ಬಿಡಬೇಡಿ. ಗಪ್ಪಿ, ಗ್ಯಾಂಬೂಸಿಯಾ ಚರಂಡಿಯಲ್ಲೂ ಇರುತ್ತವೆ, ಮೇಲ್ಮುಖದ ಬಾಯಿಂದ ಮೇಲ್ಪದರದ ನೀರನ್ನಷ್ಟೇ ಎಳೆದುಕೊಂಡು ಬದುಕುತ್ತವೆ.

ಮೀನು ಸತ್ತದ್ದು ಕಂಡರೆ

ಮೊದಲು ಗಡಿಯಾರ ನೋಡಿ, ಆಮೇಲೆ ಗಾತ್ರ ನೋಡಿ. ನಸುಕಿನಲ್ಲಿ, ಅದರಲ್ಲೂ ದೊಡ್ಡ ಮೀನುಗಳೇ ಮೊದಲು ಸತ್ತಿದ್ದು, ಸಣ್ಣವು ಮೇಲೆ ಬಾಯಿ ಬಿಡುತ್ತಿದ್ದರೆ ಅದು ಆಮ್ಲಜನಕದ ಕೊರತೆ. ಬೇಸಿಗೆಯ ಮೊದಲ ಜೋರು ಮಳೆಯ ಮರುದಿನ ಹೀಗಾಗುವುದು ಸಾಮಾನ್ಯ, ತಿಂಗಳುಗಟ್ಟಲೆ ಚರಂಡಿಯಲ್ಲಿ ಕೂತ ಕೊಳೆ ಒಂದೇ ಸಲ ಕೆರೆಗೆ ನುಗ್ಗಿರುತ್ತದೆ. ಹಗಲು ಹೊತ್ತಿನಲ್ಲಿ, ಸಣ್ಣವು ದೊಡ್ಡವು ಎನ್ನದೆ, ಸಿಗಡಿ ಏಡಿಗಳ ಸಮೇತ ಸತ್ತಿದ್ದರೆ ವಿಷದ ಅನುಮಾನ ಪಡಿ. ಕಿವಿರು ಎತ್ತಿ ನೋಡಿ: ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗಿದ್ದರೆ ನೈಟ್ರೈಟ್.

ಆಮ್ಲಜನಕ, ಪಿಎಚ್, ಉಷ್ಣತೆ, ಅಮೋನಿಯಾ ತಕ್ಷಣ ಅಳೆಯಿರಿ. ಮಧ್ಯಾಹ್ನದ ಹೊತ್ತಿಗೆ ಸಾಕ್ಷಿ ಅಳಿಸಿಹೋಗಿರುತ್ತದೆ. ಹೊಸ ಬಾಟಲಿಗಳಲ್ಲಿ ಒಂದೊಂದು ಲೀಟರ್ ನೀರು, ಸತ್ತ ಜಾಗದ್ದೊಂದು, ಚರಂಡಿ ಸೇರುವ ಬಾಯಿಯದೊಂದು, ದೂರದ ಚೆನ್ನಾಗಿರುವ ಮೂಲೆಯದೊಂದು ತೆಗೆದು ಐಸ್ ಪೆಟ್ಟಿಗೆಯಲ್ಲಿಡಿ. ಈಗಷ್ಟೇ ಸಾಯುತ್ತಿರುವ ಎರಡು ಮೂರು ಮೀನನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಐಸಿನ ಮೇಲಿಡಿ. ಊದಿ ತೇಲುತ್ತಿರುವ ಹಳೆಯದರಿಂದ ಪ್ರಯೋಗಾಲಯಕ್ಕೆ ಏನೂ ತಿಳಿಯುವುದಿಲ್ಲ. ಬಾಟಲಿಯ ಮೇಲೆ ಜಾಗ, ಗಂಟೆ, ತೆಗೆದವರ ಹೆಸರು, ಹಿಂದಿನ ಮೂರು ದಿನದ ಮಳೆ ಬರೆದು, 24 ಗಂಟೆಯೊಳಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರಿನ ಜೊತೆ ತಲುಪಿಸಿ, ಮೀನುಗಾರಿಕೆ ಇಲಾಖೆಗೂ ತಿಳಿಸಿ. ದೂರಿನ ಪ್ರತಿಗೆ ಮುದ್ರೆ ಹಾಕಿಸಿಕೊಳ್ಳಿ. ಎರಡು ವಾರ ಬಿಟ್ಟು ಅದೇ ಜಾಗದಲ್ಲಿ ಮತ್ತೆ ಬಲೆ ಹಿಡಿದು, ಮೊದಲು ಇದ್ದ ಎಷ್ಟು ಬಗೆಯ ಹುಳುಗಳು ಉಳಿದಿವೆ ಎಂದು ಎಣಿಸಿ ಆ ಪಟ್ಟಿಯನ್ನೂ ದೂರಿಗೆ ಲಗತ್ತಿಸಿ.